ಹಳೇ ಸೀಲು ಮಗುಚದ ಮಾವ

ಥೂ ಎನ್ನುವ ಮೊದಲು ನನ್ನ ಸೋದರಮಾವನ ಮೂಗಿನ ಹೊಳ್ಳೆ ಮೇಲಕ್ಕೆ ಏಳುತ್ತಿತ್ತು. ಎಡಗಡೆಯದು ಮಾತ್ರ. ಮೂಗಿನ ಪಕ್ಕದಲ್ಲಿ ಒಂದು ಗೆರೆ ಬಿದ್ದು, ಮೇಲ್ತುಟಿ ಆ ಕಡೆಗೆ ಸರಿದು, ಕೋರೆಹಲ್ಲಿನ ತುದಿ ಕಾಣಿಸುತ್ತಿತ್ತು. ಆಮೇಲೆ ಶಬ್ದ. ಅದರಲ್ಲಿ ಉಗುಳು ಇರುತ್ತಿರಲಿಲ್ಲ, ಬರೀ ಗಾಳಿ. ಆ ಗಾಳಿಗೇ ಎದುರಿಗೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅವನು ಹೊಸದುರ್ಗದಲ್ಲಿ, ಶ್ರೀರಾಂಪುರಕ್ಕೆ ಹೋಗುವ ರಸ್ತೆಯ ಪಕ್ಕ, ಮೋಟಾರ್‌ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಒಂದು ತಗಡಿನ ಸೂರು, ಹಿಂದೆ ಅವನು ಮಲಗುವ ಕೋಣೆ, ಮುಂದೆ ಬೇವಿನ ಮರ. ಮರದ ಬುಡದ ಮಣ್ಣು ಎಣ್ಣೆ ಕುಡಿದು ಕುಡಿದು ಕಪ್ಪು ಕಲ್ಲಿನಂತಾಗಿತ್ತು. ಗಾಡಿ ತಂದವರನ್ನು ಬೇರೆ ಮೆಕ್ಯಾನಿಕ್ಕುಗಳು ಏನಾಗಿದೆ ಎಂದು ಕೇಳುತ್ತಾರೆ. ಇವನು ಎರಡು ಬೋಲ್ಟು ಬಿಚ್ಚಿ, ಒಳಗೆ ಇಣುಕಿ, ಮೂಗು ಏರಿಸಿ, “ಥೂ, ಯಾವನ್ರೀ ಇದಕ್ಕೆ ಕೈ ಹಾಕ್ದೋನು?” ಎನ್ನುತ್ತಿದ್ದ. ಸಂದಿ ಮುಚ್ಚುವ ಗ್ಯಾಸ್ಕೆಟ್ ಇರಬೇಕಾದ ಕಡೆ ಬರೀ ಪೇಸ್ಟು ಬಳಿದಿದ್ದರೆ ಥೂ. ಪೆಟ್ರೋಲ್ ಟ್ಯಾಂಕಿನ ತೂತಿಗೆ ಸ್ನಾನದ ಸೋಪು ಮೆತ್ತಿದ್ದರೆ ಥೂ. ಒಮ್ಮೆ ಶಾಲೆಯ ಮೇಷ್ಟರೊಬ್ಬರು ತಗ್ಗಿದ ದನಿಯಲ್ಲಿ, “ಹೋದ ವರ್ಷ ನೀವೇ ಮಾಡಿದ್ರಲ್ಲಪ್ಪ ಇದ್ನ” ಎಂದರಂತೆ. ಮಾವ ಬಗ್ಗಿ ಇನ್ನೊಂದು ಸಲ ನೋಡಿ, “ಹಂಗಾದ್ರೆ ನನಗೇ ಥೂ” ಎಂದನಂತೆ. ಆ ಮೇಷ್ಟರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ.

ಇಷ್ಟೆಲ್ಲ ಹೇಸಿಕೊಳ್ಳುವ ಮನುಷ್ಯ ಸ್ವತಃ ಹೇಸಿಗೆ ಹುಟ್ಟಿಸುವಂತಿದ್ದ. ತೀರಿಕೊಂಡವರ ಬಗ್ಗೆ ಹೀಗೆ ಬರೆಯಬಾರದು ಎನ್ನುತ್ತಾರೆ. ಆದರೆ ಇದನ್ನು ಬಿಟ್ಟು ಬರೆದರೆ ಅದು ನನ್ನ ಮಾವನ ಚಿತ್ರವಾಗುವುದಿಲ್ಲ. ಅವನ ಕೆಳದವಡೆಯಲ್ಲಿ ಹೊಗೆಸೊಪ್ಪಿನ ಉಂಡೆ ಯಾವಾಗಲೂ ಇರುತ್ತಿತ್ತು. ಬಾಯಿಯ ಬಲ ಅಂಚಿನಲ್ಲಿ ಅದರ ಕಂದು ಗೆರೆ ಒಣಗಿ ನಿಂತಿರುತ್ತಿತ್ತು. ಕೆಲಸ ಮಾಡುವಾಗ ಬಿಚ್ಚಿದ ವಾಷರು, ಸ್ಕ್ರೂಗಳನ್ನು ಅದೇ ಬಾಯಲ್ಲಿ ಕಚ್ಚಿಕೊಂಡು, ಬೇಕಾದಾಗ ಒಂದೊಂದಾಗಿ ತೆಗೆದು ಹಾಕುತ್ತಿದ್ದ. ಸುಟ್ಟ ಆಯಿಲ್ಲು, ಬೆವರು, ಹೊಗೆಸೊಪ್ಪು ಸೇರಿದ ಒಂದು ವಾಸನೆ ಅವನಿಗಿಂತ ಮುಂಚೆ ನಮ್ಮ ಹಟ್ಟಿಯೊಳಗೆ ಬರುತ್ತಿತ್ತು. ಮಸಿ ತುಂಬಿದ ಉಗುರುಗಳಲ್ಲೇ ಮುದ್ದೆ ಮುರಿಯುತ್ತಿದ್ದ. ನಾನು ಅವನ ಪಕ್ಕ ಕೂತು ಉಣ್ಣುತ್ತಿರಲಿಲ್ಲ.

ನನ್ನ ಹೇಸಿಗೆಗೆ ಇದಕ್ಕಿಂತ ಹಳೆಯ ಕಾರಣವೂ ಒಂದಿತ್ತು. ನಮ್ಮದು ಕುರಿ ಸಾಕುವ ಮನೆತನ. ಅಕ್ಕನ ಮಗಳು ತಮ್ಮನಿಗೆ ಎಂಬುದು ನಮ್ಮಲ್ಲಿ ಯಾರೂ ಕೇಳುವ ಪ್ರಶ್ನೆಯೇ ಅಲ್ಲ. ನಾನು ಹುಟ್ಟಿದಾಗ ಮಾವ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಅವನನ್ನು ತೊಟ್ಟಿಲ ಪಕ್ಕ ನಿಲ್ಲಿಸಿ ಅಜ್ಜಿ, ಅಂದರೆ ಅವನ ತಾಯಿ, “ನೋಡ್ಲೇ ಮಗಾ, ನಿನ್ ಹೆಂಡ್ತಿ ಹುಟ್ಟವ್ಳೆ” ಎಂದಳಂತೆ. ತೊಟ್ಟಿಲ ಮಾತು ಎಂದರೆ ಅದು. ಅಲ್ಲಿಂದ ಮುಂದೆ ಅವನಿಗೆ ಯಾರೂ ಹೆಣ್ಣು ತೋರಿಸಲಿಲ್ಲ. ಅವನ ಹೆಣ್ಣು ಬೆಳೆಯುತ್ತಿತ್ತಲ್ಲ.

ನಾನು ನಡೆದಾಡುವಷ್ಟಾದಾಗಿನಿಂದ, ಮಾವ ಬಾಗಿಲಿಗೆ ಬಂದನೆಂದರೆ ಹಟ್ಟಿಯ ಹೆಂಗಸರೆಲ್ಲ ಕೂಗುತ್ತಿದ್ದರು. “ಓಡೇ, ಗಂಡ ಬಂದ! ನೀರು ಕೊಡೇ ಗಂಡಂಗೆ!” ನನ್ನ ಕೈಗೆ ಯಾರಾದರೂ ಚೊಂಬು ತುರುಕುತ್ತಿದ್ದರು. ನಾನು ಆ ಚೊಂಬು ಹಿಡಿದು, ಆ ಕಂದು ಗೆರೆಯ ಬಾಯಿಯ ಮುಂದೆ ನಿಲ್ಲಬೇಕಾಗಿತ್ತು. ಎಲ್ಲರೂ ನಗುತ್ತಿದ್ದರು. ಮಾವ ಆ ಚೊಂಬನ್ನು ಮುಟ್ಟುತ್ತಿರಲಿಲ್ಲ. ನನ್ನನ್ನು ದಾಟಿ ಹೋಗಿ, ಹಂಡೆಯಿಂದ ತಾನೇ ನೀರು ಮೊಗೆದು ಕುಡಿಯುತ್ತಿದ್ದ. ದೊಡ್ಡವಳಾದ ಮೇಲೂ ಅಷ್ಟೆ. ನನ್ನ ಕೈಯಿಂದ ಅವನು ಒಂದು ಸಲವೂ ನೀರು ತೆಗೆದುಕೊಳ್ಳಲಿಲ್ಲ. ಅದು ಅವನ ಧಿಮಾಕು ಎಂದು ದೊಡ್ಡಪ್ಪ ಹೇಳುತ್ತಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಮಾತು ಕಡಿಮೆಯವಳು. ಕುರಿಯ ಹಿಂದೆ ವರ್ಷದ ಅರ್ಧ ಊರೂರು ಅಲೆಯುವ ನನ್ನ ಅಪ್ಪನೂ ಹಾಗೆಯೇ. ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿದ್ದು ನಾನು ಓದುತ್ತಿದ್ದಾಗ, ಬಿಡಿಭಾಗ ತರಲು ಅಲ್ಲಿಗೆ ಬರುತ್ತಿದ್ದ ಮಾವ, ಅವ್ವ ಕೊಟ್ಟ ರೊಟ್ಟಿ ಗಂಟನ್ನು ಗೇಟಿಗೆ ತಂದುಕೊಡುತ್ತಿದ್ದ. ಒಮ್ಮೆ ಹಾಸ್ಟೆಲ್ಲಿನ ಊಟ ಹೇಗಿದೆ ಎಂದು ಕೇಳಿದ. ಅನ್ನದಲ್ಲಿ ಹುಳ ಬರುತ್ತದೆ, ಬದಿಗಿಟ್ಟು ಉಣ್ಣುತ್ತೇವೆ ಎಂದೆ.

“ಹುಳ ಕಂಡ್ರೂ ಉಣ್ತೀಯಾ?”

“ಎಲ್ಲರೂ ಉಣ್ತಾರೆ.”

“ಎಲ್ಲಾರ ಹೊಟ್ಟೆ ನಿಂದೇನೇ? ಥೂ ಅಂತ ತಟ್ಟೆ ತಳ್ಳಾಕೆ ಬರಲ್ವಾ?”

“ತಳ್ಳಿದ್ರೆ ಏನಾಗುತ್ತೆ ಮಾವ? ಹೊಸ ಅನ್ನ ಮಾಡ್ತಾರಾ?”

“ಮಾಡಲ್ಲ. ಆದ್ರೆ ಮಾಡ್ದೋನಿಗೆ ಗೊತ್ತಾಗ್ತೈತೆ, ಇವ್ಳಿಗೆ ಹುಳ ಹಾಕಬಾರ್ದು ಅಂತ. ಹೇಸಿಗೆ ಅನ್ನೋದನ್ನ ನುಂಗಬಾರ್ದು ಕಣವ್ವ. ಉಗುಳಾಕೇ ಅದು ಇರೋದು. ಎಲ್ಲಿ, ಅನ್ನು ನೋಡಾಣ, ಥೂ ಅನ್ನು.”

ಗೇಟಿನ ಬಳಿ ಹುಡುಗಿಯರು ಓಡಾಡುತ್ತಿದ್ದರು. ಅವನು ಹೋಗಲಿ ಎಂದು ಹೇಗೋ ಅಂದೆ.

“ಇದು ಥೂ ಅಲ್ಲ, ಸೀನು” ಎಂದು ಅವನು ನಕ್ಕ. ನಗುವಾಗ ಹೊಗೆಸೊಪ್ಪು ಕಂಡಿತು. ರೊಟ್ಟಿ ಗಂಟನ್ನು ತುದಿ ಬೆರಳಲ್ಲಿ ಹಿಡಿದು ಒಳಗೆ ಹೋದೆ. ಮಸಿ ಹತ್ತಿದ್ದ ಮೇಲಿನ ರೊಟ್ಟಿಯನ್ನು ಬಿಟ್ಟು ಉಳಿದದ್ದನ್ನು ತಿಂದೆ.

ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಅವ್ವ ಫೋನು ಮಾಡಿದಳು. “ಊರಿಗೆ ಬರೋಳು ಹೊಸದುರ್ಗದಾಗೇ ಇಳ್ಕ. ಮಾವನ ಅಂಗಡಿತಾವ ಇರ್ತೀವಿ. ಒಟ್ಟಿಗೆ ಹೋಗಾಣ.” ಅವ್ವನ ದನಿಯಲ್ಲಿ ಏನೋ ಹೆಚ್ಚಿನ ಸಡಗರವಿತ್ತು.

ಇಳಿದು ಹೋದಾಗ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ದೊಡ್ಡಪ್ಪ ಕೂತಿದ್ದ. ಅಪ್ಪ ಕುರಿಯೊಂದಿಗೆ ದೂರ ಇರುವಾಗ ಮನೆಯ ಮಾತೆಲ್ಲ ದೊಡ್ಡಪ್ಪನದೇ. ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಳ್ಳು ತರಚಿದ ಗೆರೆಗಳು. ಅಜ್ಜಿ ಗೋಣಿತಾಟಿನ ಮೇಲೆ ಕಾಲು ಚಾಚಿದ್ದಳು. ಅವ್ವ ನಿಂತಿದ್ದಳು. ಕಲ್ಲಿನ ಮೇಲೆ, ದೊಡ್ಡಪ್ಪನ ಪಕ್ಕ, ಒಂದು ಸ್ಟೀಲ್ ತಟ್ಟೆ. ಅದರ ಮೇಲೆ ಮುಚ್ಚಿದ್ದ ಒದ್ದೆ ಬಟ್ಟೆಯ ಅಂಚಿನಿಂದ ವೀಳ್ಯದೆಲೆಯ ತೊಟ್ಟುಗಳು ಹೊರಗೆ ಕಾಣುತ್ತಿದ್ದವು.

ಎಲೆ ಅಡಿಕೆ ಬದಲಾಯಿಸಿಕೊಂಡರೆ ನಮ್ಮಲ್ಲಿ ಮಾತು ಮುಗಿದ ಹಾಗೆ. ಆಮೇಲೆ ಮದುವೆಯ ದಿನ ಗೊತ್ತು ಮಾಡುವುದಷ್ಟೇ ಉಳಿಯುತ್ತದೆ. ಬ್ಯಾಗನ್ನು ಕೆಳಗಿಟ್ಟೆ.

“ಬಂದ್ಲು ನೋಡು ಲಕ್ಷ್ಮಿ” ಎಂದಳು ಅಜ್ಜಿ. “ಕುಂತ್ಕ ಬಾರೇ. ನಿನ್ ಗಂಡ ಅದ್ಯಾವ್ದೋ ಕೊಳವೆ ಒಳಗೆ ತಲೆ ತೂರಿಸ್ಕಂಡವ್ನೆ.”

ಮಾವ ತಲೆ ಎತ್ತಲಿಲ್ಲ. ಅವನ ಮುಂದೆ ದೊಡ್ಡಪ್ಪನ ಗಾಡಿ ನಿಂತಿತ್ತು. ಅದು ಕುರಿ ಗಾಡಿ. ಹಿಂದಿನ ಸೀಟಿನ ಎರಡು ಕಡೆಗೂ ಗೋಣಿಚೀಲ ಇಳಿಬಿಟ್ಟು, ಬಯಲಲ್ಲಿ ಹುಟ್ಟಿದ ಮರಿಗಳನ್ನು ತಲೆ ಮಾತ್ರ ಹೊರಗೆ ಕಾಣುವಂತೆ ತುಂಬಿಕೊಂಡು ಹಟ್ಟಿಗೆ ತರುತ್ತಿದ್ದ ಗಾಡಿ. ಗೋಣಿಗೆ ಮರಿಯ ಲೋಳೆ ಅಂಟಿ ಒಣಗಿತ್ತು. ಹಿಂದಿನ ದಿನದ ಮಳೆಯಲ್ಲಿ, ಆಕ್ಸಲೇಟರ್ ಬಿಟ್ಟರೂ ಇಂಜಿನ್ನು ಕೂಗುವುದನ್ನು ನಿಲ್ಲಿಸದೆ, ಗಾಡಿ ಕೆರೆ ಏರಿಯ ಇಳಿಜಾರಿನಲ್ಲಿ ದೊಡ್ಡಪ್ಪನನ್ನು ಹೊತ್ತುಕೊಂಡು ಜಾಲಿ ಬೇಲಿಗೆ ನುಗ್ಗಿತ್ತು.

ಕಾರ್ಬೊರೇಟರಿನಿಂದ ಇಂಜಿನ್ನಿಗೆ ಪೆಟ್ರೋಲು ಬೆರೆತ ಗಾಳಿ ಹೋಗಲು ಒಂದು ಗಿಡ್ಡ ಕೊಳವೆಯಿದೆ. ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದರ ಎರಡು ಬಾಯಿಗೂ ಬಳೆಯಂಥ ರಬ್ಬರ್ ಸೀಲು ಇರುತ್ತದೆ. ಸೀಲು ಸತ್ತರೆ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗಿ ಇಂಜಿನ್ನು ಹುಚ್ಚು ಕೂಗು ಹಾಕುತ್ತದೆ. ಮಾವ ಆ ಕೊಳವೆಯನ್ನು ಬಿಚ್ಚುತ್ತಿದ್ದ. ಅದರ ಸುತ್ತ ಕಂದು ಬಣ್ಣದ ಏನೋ ಲೋಳೆ, ಅದರಲ್ಲಿ ಸಿಕ್ಕಿಕೊಂಡ ಕರಿ ಎಳೆಗಳು. ಬೆರಳಿಂದ ಎಳೆದು ಮೂಸಿದ. ಎಡ ಹೊಳ್ಳೆ ಎದ್ದಿತು.

“ಥೂ! ಇದೇನ್ ಭಾವ, ಇಂಜಿನ್‌ಗೆ ಕಂಬ್ಳಿ ಹೊದಿಸೀರಾ?”

“ಅಲ್ಲಿ ಗಾಳಿ ಎಳೀತಿತ್ತಪ್ಪ. ಅತ್ತೆಮ್ಮ ಹುಣಸೆ ಬೀಜದ ಸರಿ ಕಾಸಿ ಕೊಟ್ರು, ಉಣ್ಣೆ ನೂಲಿಗೆ ಮೆತ್ತಿ ಸುತ್ತಿದ್ವಿ. ಬ್ಯಾಸಿಗೆಯೆಲ್ಲ ಕುದುರೆ ಓಡ್ದಂಗೆ ಓಡ್ತು.”

“ನಮ್ಮಪ್ಪನ ಕಾಲದಿಂದ ಅದೇ ಸರಿ ಹಾಕಿ ಕಂಬ್ಳಿ ನೇಯ್ತೀವಿ” ಎಂದಳು ಅಜ್ಜಿ, ಬಿಟ್ಟುಕೊಡದೆ. “ಬಂಡೆಗೆ ಬಂಡೆ ಅಂಟ್ತೈತೆ.”

“ಅಂಟ್ತೈತೆ. ಮಳೇಲಿ ಯಾಕ್ ಬಿಡ್ತು ಮತ್ತೆ?”

ಹುಣಸೆ ಬೀಜದ ಅಂಟು ಪೆಟ್ರೋಲಿಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ ಎಂದು ನಾನು ಹೇಳಿದೆ. ಅಲ್ಲಿಗೆ ಬಂದ ಮೇಲೆ ನಾನು ಆಡಿದ ಮೊದಲ ಮಾತು ಅದು. ಮಾವ ನನ್ನ ಕಡೆ ನೋಡಿದ.

“ಅಂಗಾ? ನನಗೆ ಗೊತ್ತಿರ್ಲಿಲ್ಲ. ಕೇಳುಸ್ಕಂಡ್ರಾ ಭಾವ? ನಿಮ್ಮನೆ ಹುಡುಗಿ ಓದ್ತಿರೋದು ಇದೇನೆ.”

“ಓದಿದ್ದು ಸಾಕು ಇನ್ನ” ಎಂದ ದೊಡ್ಡಪ್ಪ. “ಬೇಗ ಮುಗಿಸಪ್ಪ. ಇವತ್ತು ದಿನ ಚೆನ್ನಾಗೈತೆ. ಎಲೆ ಅಡಿಕೆ ಬದಲಾಯಿಸ್ಕಂಡು ಹೊತ್ತು ಮುಳುಗೋ ಮುಂಚೆ ಊರು ಸೇರಾಣ.”

“ಕೈ ಮಸಿಯಾಗೈತೆ. ಇರ್ರಿ.”

ಅವನ ಕೈ ಮಸಿಯಾಗದೆ ಇದ್ದ ದಿನವನ್ನು ನಾನು ನೋಡಿರಲಿಲ್ಲ. ಅವತ್ತು ಮಾತ್ರ ಆ ಮಸಿಯಿಂದ ನನಗೆ ಉಸಿರಾಡಲು ಜಾಗ ಸಿಕ್ಕಿತು. ಅದು ಇರುವಷ್ಟು ಹೊತ್ತು ಅವನು ಎಲೆ ಮುಟ್ಟುವಂತಿರಲಿಲ್ಲ.

ಇಂಜಿನ್ನಿನ ತೆರೆದ ಬಾಯಿಗೆ ಕಸ ಬೀಳದಂತೆ ಬಟ್ಟೆ ತುರುಕಿದ. ಬಿದಿರಿನ ಚಕ್ಕೆಯಿಂದ ಹುಣಸೆ ಅಂಟನ್ನು ಕೆರೆದ. ಕಬ್ಬಿಣ ತಾಗಿಸಲಿಲ್ಲ. ಒಳಗಿನಿಂದ ಹಳೆಯ ಸೀಲುಗಳನ್ನು ಎಬ್ಬಿಸಿ ಕಲ್ಲಿನ ಮೇಲಿಟ್ಟ. ಸತ್ತ ಎರೆಹುಳುವಿನಂತೆ ಚಪ್ಪಟೆಯಾಗಿದ್ದವು. ಒಡೆದ ಕನ್ನಡಿಯ ಚೂರಿನ ಮೇಲೆ ನಯವಾದ ಉಜ್ಜುಕಾಗದ ಹಾಸಿ, ಕೊಳವೆಯ ಮುಖವನ್ನು ಅದರ ಮೇಲೆ ಸುತ್ತಿಸಿ ಸುತ್ತಿಸಿ ಉಜ್ಜಿದ. ಎತ್ತಿ ಬೆಳಕಿಗೆ ಹಿಡಿದು ನೋಡಿದ. ಮತ್ತೆ ಉಜ್ಜಿದ. ಇಷ್ಟು ನಿಧಾನವಾಗಿ ಅವನು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ವೀಳ್ಯದೆಲೆಯ ಮೇಲಿನ ಬಟ್ಟೆ ಒಣಗತೊಡಗಿತು. ಅವ್ವ ಎರಡು ಸಲ ಎದ್ದು ಅದಕ್ಕೆ ನೀರು ಚಿಮುಕಿಸಿದಳು.

“ಲೇ ತಮ್ಮಾ, ಏನ್ಲೇ ಇದು, ಬಂಗಾರ ತಿಕ್ದಂಗೆ ತಿಕ್ತಿದೀಯ” ಎಂದಳು.

ದೊಡ್ಡಪ್ಪನ ತಾಳ್ಮೆ ತಪ್ಪಿತು. “ಹೊಸ ಸೀಲ್ ಯಾತಕ್ಕಪ್ಪ? ಹಳೇದ್ನೇ ಮಗುಚಿ ಹಾಕು. ಸವೆದಿರೋದು ಒಂದ್ ಮಗ್ಗುಲು ತಾನೇ?”

ಇದು ನಮ್ಮ ಕಡೆಯ ಎಲ್ಲ ಗಾಡಿಯವರೂ ಹೇಳುವ ಮಾತು. ಚಪ್ಪಟೆಯಾದ ಮಗ್ಗುಲನ್ನು ಒಳಗೆ ಮಾಡಿ ತಿರುಗಿಸಿ ಹಾಕಿದರೆ ಸ್ವಲ್ಪ ದಿನ ನಡೆಯುತ್ತದೆ. ಮಾವ ಮೊಳೆಗೆ ನೇತುಹಾಕಿದ್ದ ಕಟ್ಟಿನಿಂದ ಹೊಸ ಸೀಲುಗಳನ್ನು ಬಿಡಿಸಿಕೊಂಡ. ತೊಟ್ಟು ಆಯಿಲ್ಲು ಸವರಿ ಕೂರಿಸಿದ. ಒಂದು ಬೋಲ್ಟು ಒಂದಿಷ್ಟು, ಇನ್ನೊಂದು ಅಷ್ಟೇ, ಮತ್ತೆ ಮೊದಲನೆಯದು, ಹೀಗೆ ಬಿಗಿದ. ಗಾಡಿ ಚಾಲೂ ಮಾಡಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಸಂದಿಯ ಸುತ್ತ ಆಡಿಸಿದ. ಗಾಳಿ ಎಳೆಯುವ ಸದ್ದನ್ನು ಹುಡುಕುತ್ತಿದ್ದ. ಇರಲಿಲ್ಲ. ಕೈ ಬಿಟ್ಟೊಡನೆ ಇಂಜಿನ್ನು, ತಾಯಿಯ ಕೆಚ್ಚಲು ಸಿಕ್ಕ ಮರಿಯಂತೆ, ದನಿ ಇಳಿಸಿತು. ಆಫ್ ಮಾಡಿದ.

ಆಮೇಲೆ ಕೈ ತೊಳೆಯಲು ಹೋದ. ಸೀಮೆಎಣ್ಣೆ, ಸೋಪಿನ ಪುಡಿ, ಮತ್ತೆ ಸೀಮೆಎಣ್ಣೆ. ದೊಡ್ಡಪ್ಪ ಎದ್ದು, ತಲೆಗೆ ಟವಲ್ ಸುತ್ತಿ, ತಟ್ಟೆಯ ಬಟ್ಟೆ ತೆಗೆದು ಎರಡು ಕೈಯಲ್ಲೂ ಹಿಡಿದು ನಿಂತ. ಅಜ್ಜಿ ಸೆರಗು ಸರಿಮಾಡಿಕೊಂಡಳು. ನಾನು ಮಾವನ ಕೈಯನ್ನೇ ನೋಡುತ್ತಿದ್ದೆ. ಆ ಕೈ ಇನ್ನು ಮುಂದೆ ನನ್ನ ಮೈಮೇಲೆ ಇರುತ್ತದೆ ಎಂಬ ಯೋಚನೆ ಬಂದು ವಾಂತಿ ಬರುವಂತಾಯಿತು. ಆಗಲೂ ನುಂಗಿದೆ.

ಮಾವ ತೊಳೆದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದು ನಿಂತ.

“ಅವ್ಳನ್ನ ಕೇಳಿದ್ರಾ ಭಾವ?”

“ಕೇಳೋದೇನಪ್ಪ? ತೊಟ್ಟಿಲ ಮಾತು. ಸುಮ್ನೈದಾಳೆ ಅಂದ್ರೆ ಒಪ್ಪಿದಾಳೆ.”

“ಸುಮ್ನಿರೋದು ಒಪ್ಪಿಗೆ ಅಲ್ರಿ. ಇವ್ಳು ಹುಳ ಕಂಡ್ರೂ ಸುಮ್ನೆ ಅನ್ನ ಉಣ್ಣೋಳು.” ಅವನು ನನ್ನ ಕಡೆ ತಿರುಗಲಿಲ್ಲ. “ಚೊಂಬು ಕೈಗೆ ಕೊಟ್ಟು ಗಂಡ ಬಂದ ಅಂತ ನೀವೆಲ್ಲ ನಗ್ತಿದ್ರಿ. ನಿಮ್ಗೆ ಕಂಡಿದ್ದು ಚೊಂಬು. ನನಗೆ ಈ ಹುಡುಗಿ ಮುಖ ಕಾಣ್ತಿತ್ತು. ಇಷ್ಟು ವರ್ಷ ನೋಡೀನಿ.”

“ಹೆಣ್ಣುಮಕ್ಳು ಮೊದ್ಲು ಅಂಗೇ ಕಣ್ಲಾ” ಎಂದಳು ಅವ್ವ. ತಮ್ಮನಿಗೆ ಒಂದು ಮನೆಯಾಗಲಿ ಎಂಬುದರ ಹೊರತು ಅವಳಿಗೆ ಬೇರೆ ಆಸೆ ಇರಲಿಲ್ಲ.

“ಅಕ್ಕಾ, ನಿನ್ನ ನಮ್ಮನೆಯಿಂದ ಆ ಮನೆಗೆ ಕೊಟ್ವಿ. ಈಗ ನಿನ್ ಮಗಳ್ನ ಆ ಮನೆಯಿಂದ ಈ ಮನೆಗೆ ತರೋದು. ಅದೇ ಸೀಲ್ ಮಗುಚಿ ಹಾಕ್ದಂಗೆ ಅಲ್ವಾ? ಗಾಡಿಗೇ ನಾನು ಹಂಗೆ ಹಾಕಲ್ಲ.”

ದೊಡ್ಡಪ್ಪ ತಟ್ಟೆಯನ್ನು ಇನ್ನೂ ಮುಂದಕ್ಕೆ ಚಾಚಿದ. “ಮಾತು ಬ್ಯಾಡ. ಹಿಡಿಯಪ್ಪ.”

ಎಡ ಹೊಳ್ಳೆ ಮೇಲೆದ್ದಿತು. ಹಿರಿಯರ ಕೈಯಲ್ಲಿದ್ದ ವೀಳ್ಯದೆಲೆಯ ಮುಂದೆ, ನಡುಹಗಲಲ್ಲಿ, ರಸ್ತೆಯವರು ನೋಡುತ್ತಿರುವಾಗ ಮಾವ ಅಂದ. “ಥೂ.”

ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಹೋದ. ಅಡಿಕೆಗಳು ತಟ್ಟೆಯಿಂದ ಉರುಳಿ ಎಣ್ಣೆಯ ಮಣ್ಣಿಗೆ ಬಿದ್ದವು.

ಆಮೇಲೆ ಅಜ್ಜಿ ಬೈದದ್ದನ್ನೆಲ್ಲ ಬರೆಯುವ ಹಾಗಿಲ್ಲ. ಕೊನೆಗೆ ಮಣ್ಣು ತೂರಿ, “ನಿನಗೆ ಎಕ್ಕದ ಗಿಡವೇ ಹೆಂಡ್ತಿ ಆಗ್ಲಿ” ಎಂದಳು. ಮದುವೆಯಾಗದೆ ಸತ್ತ ಗಂಡಸನ್ನು ಹೂಳುವ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿಸುವುದು ನಮ್ಮ ಕಡೆ ಇದೆ. ಹೆತ್ತ ತಾಯಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಶಾಪ ಇಲ್ಲ.

“ಆಗ್ಲಿ ಬಿಡವ್ವ” ಎಂದ ಮಾವ, ಅಡಿಕೆ ಆರಿಸುತ್ತ. “ಗಿಡನಾದ್ರೂ ಒಂದ್ ಮಾತು ಕೇಳಿ ಕಟ್ರಿ. ಅದಕ್ಕೂ ನಾನು ಇಷ್ಟ ಇದೀನೋ ಇಲ್ವೋ.”

ಅವರೆಲ್ಲ ರಸ್ತೆಗೆ ಹೋದ ಮೇಲೆ ಅವನು ನನ್ನ ಬ್ಯಾಗನ್ನು ಎತ್ತಿ ನನ್ನ ಕೈಗೆ ಕೊಡದೆ, ಕಲ್ಲಿನ ಮೇಲೆ ಇಟ್ಟ. ಅಲ್ಲಿಂದ ನಾನು ತೆಗೆದುಕೊಂಡೆ. “ಅದು ನೀನು ಅನ್ಬೇಕಾಗಿದ್ದ ಥೂ ಕಣವ್ವ” ಎಂದ. “ಪ್ರತಿ ಸಲ ನಾನಿರಲ್ಲ.”

ಆ ಥೂ ಅವನಿಗೆ ದುಬಾರಿಯಾಯಿತು. ದೊಡ್ಡಪ್ಪ ಸುಮ್ಮನಿರುವವನಲ್ಲ. ಸುತ್ತಿನ ಹಟ್ಟಿಗಳಲ್ಲೆಲ್ಲ, ಎಲೆ ಅಡಿಕೆಗೆ ಉಗುಳಿದವನು ಎಂದು ಹೆಸರಾಯಿತು. ಉಗುಳಿರಲಿಲ್ಲ, ಬರೀ ಗಾಳಿ ಎಂದು ಯಾರಿಗೆ ಹೇಳುವುದು? ಮತ್ತೆ ಅವನಿಗೆ ಯಾರೂ ಹೆಣ್ಣು ಕೊಡಲಿಲ್ಲ. ಕುರಿ ಗಾಡಿಗಳು ಬೇರೆ ಅಂಗಡಿಗೆ ಹೋದವು. ಅವ್ವ ಅವನ ಜೊತೆ ಮಾತು ಬಿಟ್ಟಳು. ಗೌರಿ ಹಬ್ಬಕ್ಕೆ ತವರಿನ ಬಾಗಿನ ಎಂದು ಅವನು ಕಳಿಸಿದ ಸೀರೆ ಮಡಿಕೆ ಬಿಚ್ಚದೆ ಹಾಗೆಯೇ ಹಿಂದಕ್ಕೆ ಹೋಯಿತು. ಅಜ್ಜಿ ತೀರಿಕೊಂಡಾಗ, ಮಗನೆಂದು ಮಣ್ಣು ಹಾಕಲು ಬಿಟ್ಟರೇ ಹೊರತು ಊಟಕ್ಕೆ ಕರೆಯಲಿಲ್ಲ.

ನನಗೆ ಹೊಳಲ್ಕೆರೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ನನ್ನ ಬದುಕಿನ ಉಳಿದ ಸಂಗತಿ ಇಲ್ಲಿ ಬೇಡ. ಊರಿಗೆ ಹೋಗುವಾಗ ಹೊಸದುರ್ಗದಲ್ಲಿ ಇಳಿದು ಅವನ ಅಂಗಡಿಯ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಎದುರಿನ ಹೋಟೆಲಿನಿಂದ ಟೀ ತರಿಸುತ್ತಿದ್ದ. ಲೋಟದ ಒಳಗೆ ಬೆರಳು ಅದ್ದಿ ತಂದಿದ್ದರೆ ಥೂ ಎಂದು ಚೆಲ್ಲಿ ಮತ್ತೆ ತರಿಸುತ್ತಿದ್ದ. ಚೆಲ್ಲುವ ಅವನ ಬೆರಳು ಹೋಟೆಲಿನವನದಕ್ಕಿಂತ ಕಪ್ಪಗಿರುತ್ತಿತ್ತು. ಅವನ ವಾಸನೆ ನನಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ. ಗಾಳಿ ಬರುವ ಕಡೆ ನೋಡಿ ಕೂರುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು. ನಾನು ಬಂದೊಡನೆ ತಾನೇ ಎದ್ದು ಗಾಳಿ ಬೀಸಿ ಹೋಗುವ ಮಗ್ಗುಲಿಗೆ ಸರಿದು ಕೂರುತ್ತಿದ್ದ. ಆ ದಿನದ ವಿಷಯ ನಾವು ಮತ್ತೆ ಎತ್ತಲಿಲ್ಲ. ಉಪಕಾರವಾಯಿತು ಎಂದು ನಾನು ಹೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಬಿಚ್ಚಿದ ಇಂಜಿನ್ನಿನ ಮುಂದೆ ಕೂತಲ್ಲೇ ಅವನು ಕುಸಿದ. ಬಾಯಲ್ಲಿ ಇನ್ನೂ ಎರಡು ವಾಷರು ಇದ್ದವಂತೆ.

ಹೆಣವನ್ನು ಊರಿಗೆ ತಂದು ಅಜ್ಜಿಯ ಮನೆಯ ಮುಂದೆ ಮಲಗಿಸಿದ್ದರು. ಅವ್ವ ಅವನ ಕಾಲ ಬಳಿ ಕೂತು, ಇಷ್ಟು ವರ್ಷ ಆಡದ ಮಾತನ್ನೆಲ್ಲ ಅಳುವಿನಲ್ಲಿ ಆಡುತ್ತಿದ್ದಳು. ಸ್ನಾನ ಮಾಡಿಸಿದವರು ಎಷ್ಟು ತಿಕ್ಕಿದರೂ ಕೈಯ ಗೆರೆಗಳಿಂದ ಮಸಿ ಹೋಗಿರಲಿಲ್ಲ.

ದೊಡ್ಡಪ್ಪ ಬೇಲಿಯಿಂದ ಎಕ್ಕದ ಟೊಂಗೆ ಮುರಿಸಿ ತರಿಸಿದ್ದ. ಮುರಿದ ಕಡೆಯಿಂದ ಬಿಳಿ ಹಾಲು ಸೋರುತ್ತಿತ್ತು. ಅರಿಸಿನದ ಕೊಂಬು ಕಟ್ಟಿದ ದಾರವೂ ಸಿದ್ಧವಿತ್ತು. ಅವನು ಅವ್ವನ ಹತ್ತಿರ ಬಗ್ಗಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ.

“ತೊಟ್ಟಿಲ ಮಾತು ಹಂಗೇ ಉಳ್ಕಂಡೈತೆ ಕಣಮ್ಮ. ನಿನ್ ಮಗಳು ಉಟ್ಟಿರೋದು ಒಂದು ಸೀರೆ ಕೊಡು. ಟೊಂಗೆಗೆ ಉಡಿಸಿ, ಮಗ್ಗುಲಲ್ಲಿ ಮಲಗಿಸಿ, ತಾಳಿ ಕಟ್ಟಿಸಿಬಿಡಾಣ. ಅವ್ನಿಗೂ ಮುಕ್ತಿ, ಮಾತಿಗೂ ಮುಕ್ತಿ.”

ನೆರೆದವರಲ್ಲಿ ಕೆಲವರು ತಲೆಯಾಡಿಸಿದರು. ಒಳ್ಳೇದು, ಹಂಗೇ ಮಾಡ್ರಿ ಎಂದು ಯಾರೋ ಅಂದರು. ಅವ್ವ ಕಣ್ಣೊರೆಸಿಕೊಂಡು, ಯಾವುದೋ ನಿದ್ದೆಯಲ್ಲಿರುವವಳಂತೆ ಎದ್ದು, ಜಗುಲಿಯ ಮೇಲಿದ್ದ ನನ್ನ ಬ್ಯಾಗಿನ ಜಿಪ್ಪು ಎಳೆದಳು. ನಾನು ಹಿಂದಿನ ದಿನ ಕಾಲೇಜಿಗೆ ಉಟ್ಟು ಬಿಟ್ಟ ಸೀರೆ ಅದರಲ್ಲಿ ಮಡಿಸಿ ಇತ್ತು. ಅವಳು ಅದನ್ನು ಹೊರಗೆ ತೆಗೆದಳು. ನನ್ನ ಬೆವರಿನ ಸೀರೆ. ಅದನ್ನು ಉಟ್ಟ ಆ ಟೊಂಗೆ, ಬದುಕಿರುವಾಗ ನನ್ನ ಕೈಯ ಚೊಂಬನ್ನೂ ಮುಟ್ಟದ ಮನುಷ್ಯನ ಪಕ್ಕ.

ಮೊದಲು ನನ್ನ ಮೂಗು ಗೊತ್ತಾಯಿತು. ಅದರ ಎಡಗಡೆ ತಾನಾಗಿ ಮೇಲೆ ಹೋಗುತ್ತಿತ್ತು. ತಡೆಯಲಿಲ್ಲ.

“ಥೂ!”

ಸೀನಿನಂತೆ ಇರಲಿಲ್ಲ. ಅಳುತ್ತಿದ್ದ ಹೆಂಗಸರು ನಿಲ್ಲಿಸಿದರು. ದೊಡ್ಡಪ್ಪ, ಬೇವಿನ ಮರದ ಕೆಳಗೆ ಅಂದು ಹೋದ ಹಾಗೆಯೇ, ಒಂದು ಹೆಜ್ಜೆ ಹಿಂದೆ ಹೋದ. ನಾನು ಹೋಗಿ ಅವ್ವನ ಕೈಯಿಂದ ಸೀರೆ ತೆಗೆದುಕೊಂಡೆ. ಎಕ್ಕದ ಟೊಂಗೆಯನ್ನು ಎತ್ತಿ ಬೇಲಿಯ ಆಚೆ ಎಸೆದೆ. ಅಂಗೈಗೆ ಹಾಲು ಅಂಟಿತು.

ಯಾರಾದರೂ ಬೈಯುತ್ತಾರೆ ಎಂದು ಕಾದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಬಾಯಿ ಅಳುವುದಕ್ಕೋ ನಗುವುದಕ್ಕೋ ಎಂದು ಗೊತ್ತಾಗದಂತೆ ತೆರೆಯಿತು. “ಅವ್ನೇ” ಎಂದಳು. “ಮೂಗು ಥೇಟ್ ಅವ್ನೇ.” ಆಮೇಲೆ ಬ್ಯಾಗಿನ ಜಿಪ್ಪು ಮುಚ್ಚಿ, “ಏಳ್ರಿ, ಹೊತ್ತಾಯ್ತು. ನನ್ ತಮ್ಮನ್ನ ಹಂಗೇ ಕಳಿಸಿ” ಎಂದಳು.

ಎತ್ತುವ ಮೊದಲು ನಂಟರೆಲ್ಲ ಬಾಯಿಗೆ ನೀರು ಬಿಡಬೇಕು. ನನ್ನ ಸರದಿ ಬಂದಾಗ ಕೈ ತೊಳೆದು ಚೊಂಬು ಹಿಡಿದು ಬಗ್ಗಿದೆ. ತುಟಿಯ ಬಲ ಅಂಚಿನಲ್ಲಿ ಆ ಕಂದು ಗೆರೆ ಹಾಗೆಯೇ ಇತ್ತು. ವಾಸನೆಯೂ ಇತ್ತು. ಹೇಸಿಗೆಯಾಯಿತು. ನೀರು ಬಿಟ್ಟೆ.